ಹುಲಗಪ್ಪನ ಗಂಟು ಮತ್ತು ವ್ಯಾಧನ ಜೋಡಿದಾರ

ಧಾರವಾಡದ ಸಣ್ಣ ಮಾಸಪತ್ರಿಕೆಯೊಂದರವರು, ‘ನಿಮಗೆ ಗೊತ್ತಿರುವ ದೊಡ್ಡ ಮನುಷ್ಯರೊಬ್ಬರ ಬಗ್ಗೆ ನಾಲ್ಕು ಪುಟ ಬರೆದು ಕೊಡ್ರಿ’ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರುವ ದೊಡ್ಡ ಮನುಷ್ಯರಾರಿಗೂ ನಾನು ಗೊತ್ತಿಲ್ಲ. ಮ್ಯಾಟ್ರಿಕ್ ಪರೀಕ್ಷೆಗೆ ಕೂಡುವುದನ್ನು ವರ್ಷಕ್ಕೊಮ್ಮೆಯ ವ್ರತ ಮಾಡಿಕೊಂಡಿದ್ದೆ. ಕೊನೆಗೆ ನಮ್ಮವ್ವ ಅಂಬಾಬಾಯಿ ಉದ್ಯಾಪನೆ ಮಾಡಿಸಿದಳು. ಈಗ ಹುಬ್ಬಳ್ಳಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ತೂಕದ ಕಾರಕೂನ ನಾನು. ಹೆಸರು ರಮಾಕಾಂತ. ಹೆಸರಿನಲ್ಲಿ ಲಕ್ಷ್ಮಿಯಿದ್ದಾಳೆ, ಉಳಿದ ಕಡೆ ಇಲ್ಲ.

ಆದ್ದರಿಂದ ಹುಲಗಪ್ಪನ ಬಗ್ಗೆ ಬರೆಯುತ್ತೇನೆ. ದೊಡ್ಡ ಮನುಷ್ಯ ಹೌದೋ ಅಲ್ಲವೋ, ಅವನೇ ಹೌದೆನ್ನುತ್ತಾನೆ. ಒಂದು ಅಂಡಿಗೆ, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆ, ತೂಕಕ್ಕೆ ಬಂದು ಇನ್ನೊಂದು ಬರುವುದರ ನಡುವೆ, ಪ್ರೆಸ್ಸಿನ ಎದುರಿಗಿರುವ ನನ್ನ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಅಕ್ಷರ ಅಲ್ಲಲ್ಲಿ ನಡುಗಿದ್ದರೆ ಅದು ಎಂಜಿನ್ನಿನ ತಪ್ಪು.

ಹತ್ತಿ ಪ್ರೆಸ್ಸು ನೋಡದವರಿಗೆ ಇಷ್ಟು ಹೇಳಬೇಕು. ಸಡಿಲವಾದ ಅರಳೆಯನ್ನು ಒಂದು ಕಬ್ಬಿಣದ ಪೆಟ್ಟಿಗೆಗೆ ಸುರಿದು, ಆಳುಗಳು ಅದರೊಳಗೆ ಇಳಿದು ಕಾಲಿನಿಂದ ತುಳಿಯುತ್ತಾರೆ. ಅವರು ಮೇಲೆ ಹತ್ತಿ ಬಂದ ಮೇಲೆ, ತೆಂಗಿನ ಮರದಷ್ಟು ದಪ್ಪನೆಯ ಕಬ್ಬಿಣದ ಕಂಬವೊಂದು ನೆಲದೊಳಗಿಂದ ಏಳುತ್ತದೆ. ಅದನ್ನು ಎತ್ತುವುದು ಬರೇ ನೀರು. ಎಂಜಿನ್ನು ನೂಕಿದ ನೀರು ಕೆಳಗಿನ ಹಂಡೆಯೊಳಗೆ ತುಂಬಿ ಕಂಬವನ್ನು ಮೇಲಕ್ಕೆ ಒತ್ತುತ್ತದೆ, ಕಂಬ ಅರಳೆಯನ್ನು ಒತ್ತುತ್ತದೆ. ಮನೆಯಷ್ಟಿದ್ದ ಅರಳೆ ಟ್ರಂಕಿನಷ್ಟಾಗುತ್ತದೆ. ಆಗ ಎದುರಿನ ಬಾಗಿಲು ತೆಗೆದು, ಕಬ್ಬಿಣದ ಪಟ್ಟಿ ಬಿಗಿದು, ಗೋಣಿತಟ್ಟು ಹೊಲಿಯುತ್ತಾರೆ. ಆಮೇಲೆ ನೀರು ಬಿಟ್ಟು ಕಂಬ ಇಳಿಸುತ್ತಾರೆ. ಅಂಡಿಗೆ ಉರುಳಿ ನನ್ನ ತಕ್ಕಡಿಗೆ ಬರುತ್ತದೆ. ಅದರ ತೂಕ ಯಾವಾಗಲೂ ಒಂದೇ. ಮೊದಲೇ ಅಳೆದು ಹಾಕಿದ ಅರಳೆ ಅದು. ಅದನ್ನೇ ಮತ್ತೆ ಮತ್ತೆ ಬರೆಯುವುದಕ್ಕೆ ನನಗೆ ಪಗಾರ.

ಹುಲಗಪ್ಪ ಪ್ರೆಸ್ಸಿನ ಮಿಸ್ತ್ರಿಯಾಗಿದ್ದ. ನೀರಿನ ಚಾವಿ ಅವನ ಕೈಯಲ್ಲಿ. ಐವತ್ತು ದಾಟಿದ ಆಳು, ಹುರಿಮೀಸೆ, ತಲೆಗೆ ಹಳದಿ ರುಮಾಲು. ಹತ್ತಿ ಕೊಳ್ಳಲು ಯಾರಾದರೂ ಹೊಸಬರು ಬಂದರೆ, ಸಿದ್ಧವಾದ ಅಂಡಿಗೆಯ ಮುಂದೆ ಅವರನ್ನು ನಿಲ್ಲಿಸಿ, ಕೈಗೆ ದಬ್ಬಣ ಕೊಡುತ್ತಿದ್ದ.

“ಚುಚ್ರಿ ಸಾಹೇಬ್ರ. ಅರಳಿ ಅಲ್ಲೇನು, ಚುಚ್ರಿ.”

ಅವರು ಚುಚ್ಚಿದರೆ ದಬ್ಬಣ ಬಾಗುತ್ತಿತ್ತು. ಹುಲಗಪ್ಪ ಮೀಸೆ ತಿರುವುತ್ತಿದ್ದ. “ನಾ ಒತ್ತಿದ್ದು ಅರಳಿ ಅಂತ ದೇವರಿಗೂ ಗುರ್ತ ಹತ್ತೂದಿಲ್ರಿ!”

ಅಂಡಿಗೆ ಸಣ್ಣದಾದಷ್ಟೂ ರೈಲಿನ ಡಬ್ಬಿಯಲ್ಲಿ ಹೆಚ್ಚು ಹಿಡಿಯುತ್ತದೆ. ನಮ್ಮ ಮಾಲಕರಾದ ನೀಲಕಂಠಪ್ಪ ಸಾವುಕಾರರಿಗೆ ಬೇಕಾದದ್ದು ಅದು. ಮುಂಬಯಿಯಲ್ಲಿ ಇದಕ್ಕಿಂತ ಎರಡು ಬೆರಳು ತೆಳ್ಳಗೆ ಒತ್ತುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು. ಅಂದಿನಿಂದ ಅವರು ಪ್ರೆಸ್ಸಿಗೆ ಬಂದಾಗಲೆಲ್ಲ ಅಂಡಿಗೆಯ ಮೇಲೆ ಅಡ್ಡಲಾಗಿ ಬೆರಳಿಟ್ಟು ನೋಡಿ, “ಹುಲಗಪ್ಪಾ, ಮುಂಬಯಿಂದ ಒಬ್ಬ ಮಿಸ್ತ್ರಿ ಬರ್ತೇನಂತಾನ, ಏನಂತೀ?” ಎಂದು ನಗುತ್ತ ಕೇಳುತ್ತಿದ್ದರು. ಹುಲಗಪ್ಪನೂ ನಗುತ್ತಿದ್ದ. ಅವರು ಹೋದ ಮೇಲೆ ರುಮಾಲು ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ.

ಎದುರಿಗೆ ನಿಂತು ಗೋಣಿ ಹೊಲಿಯುವವಳು ಅವನ ಹೆಂಡತಿ ಶೇವಂತೆವ್ವ. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ನಮ್ಮಲ್ಲಿ ಒಂದು ರೂಢಿ. ಕಂಬ ಏರಿ ಅರಳೆ ಗುರುತಿಗೆ ಬಂದ ಕೂಡಲೇ ಹೊಲಿಯುವವರು ಬಲಗೈ ಎತ್ತಿ ಅಂಗೈ ತೋರಿಸಬೇಕು. ಅಂಗೈ ಕಂಡರೆ ಮಿಸ್ತ್ರಿ ಚಾವಿ ತಿರುವಿ ನೀರು ನಿಲ್ಲಿಸಬೇಕು. ಶೇವಂತೆವ್ವ ಸರಿಯಾದ ಹೊತ್ತಿಗೆ ಅಂಗೈ ತೋರಿಸುತ್ತಿದ್ದಳು. ಹುಲಗಪ್ಪ ಕಾಣದವನ ಹಾಗೆ ಆ ಕಡೆ ಈ ಕಡೆ ನೋಡಿ, ಕಂಬವನ್ನು ಇನ್ನೊಂದು ಬೆರಳು ಏರಿಸಿ ನಿಲ್ಲಿಸುತ್ತಿದ್ದ. ಅವಳು ಕೈ ಇಳಿಸದೆ ನಿಂತಿರುತ್ತಿದ್ದಳು. ಅವರ ಸಂಸಾರದ ಮಾತುಕತೆಯೇ ಅಷ್ಟೆಂದು ನಾನು ತಿಳಿದಿದ್ದೆ. ಮದುವೆಯಾಗದವನ ತಿಳಿವಳಿಕೆ.

ಇನ್ನು ಗಂಟಿನ ವಿಷಯ.

ನೀರಿನ ಕೊಳವೆಯ ಮೇಲೆ ಒಂದು ಉದ್ದನೆಯ ಕಬ್ಬಿಣದ ತೋಳು ಅಡ್ಡಲಾಗಿ ಮಲಗಿದೆ. ಅದರ ತುದಿಗೆ ಕಂಪನಿಯವರೇ ಕೊಟ್ಟ ಒಂದು ಗುಂಡು. ಒಳಗೆ ನೀರಿನ ಒತ್ತಡ ಮಿತಿ ಮೀರಿದರೆ ಈ ತೋಳು ಗುಂಡಿನ ಸಮೇತ ಮೇಲೆದ್ದು, ನೀರು ಬುಸ್ಸೆಂದು ಹೊರಗೆ ಹೋಗಿ, ಹಂಡೆ ಉಳಿಯುತ್ತದೆ. ವರ್ಷಕ್ಕೊಮ್ಮೆ ತಪಾಸಣೆಯ ಅಧಿಕಾರಿ ಬಂದು ಗುಂಡಿನ ಮೇಲಿನ ಮುದ್ರೆ ನೋಡಿ ಹೋಗುತ್ತಾರೆ.

ಆ ತೋಳಿಗೆ ದಸರೆಯ ಖಂಡೇಪೂಜೆಯ ದಿನ ನಾವು ದೃಷ್ಟಿಯ ಗಂಟು ಕಟ್ಟುತ್ತೇವೆ. ಕೆಂಪು ಅರಿವೆ, ಒಳಗೆ ಲಿಂಬೆಹಣ್ಣು, ಇದ್ದಿಲು, ಒಣಮೆಣಸಿನಕಾಯಿ. ಮಿಸ್ತ್ರಿ ಕಟ್ಟಿದ ಗಂಟನ್ನು ಮುಂದಿನ ಖಂಡೇಪೂಜೆಯವರೆಗೆ ಅವನ ಹೊರತು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ದೃಷ್ಟಿಯೆಲ್ಲ ಮುಟ್ಟಿದವನ ಮೇಲೆ ಬರುತ್ತದೆ. ತಪಾಸಣೆಯ ಅಧಿಕಾರಿಯೂ ಮುಟ್ಟುವುದಿಲ್ಲ, ಗಂಟಿಗೆ ಕೈ ಮುಗಿದು ಮುಂದೆ ಹೋಗುತ್ತಾರೆ.

ಒಂದು ದಿನ ನಾನು ಏನನ್ನೋ ಓದುತ್ತ ನಡೆದು ಹಣೆಯನ್ನು ಆ ಗಂಟಿಗೆ ಕೊಟ್ಟೆ. ಬೇಲದ ಹಣ್ಣಿನಷ್ಟಿದ್ದ ಅರಿವೆಯ ಗಂಟು. ಲಿಂಬೆಹಣ್ಣು ಹಿಚುಕಿ ಮೈಮೇಲೆ ಸುರಿಯುತ್ತದೆಂದು ನಾನು ಹಿಂದೆ ಸರಿಯುವಷ್ಟರಲ್ಲಿ ಕಣ್ಣು ಕತ್ತಲೆಗೂಡಿ ನೆಲಕ್ಕೆ ಕೂತೆ. ಹಣೆಯ ಮೇಲೆ ಇನ್ನೊಂದು ಬೇಲದ ಹಣ್ಣು ಎದ್ದಿತು. ಗಂಟು ಅಲುಗಿರಲಿಲ್ಲ.

ಹುಲಗಪ್ಪ ಓಡಿಬಂದ. ನನ್ನನ್ನು ನೋಡದೆ ಮೊದಲು ಗಂಟನ್ನು ನೋಡಿದ.

“ಏನಿಟ್ಟೀಯೋ ಮಾರಾಯಾ ಅದರಾಗ?” ಎಂದೆ.

“ಮೆಲ್ಲಕ ಮಾತಾಡ್ರಿ ಕಾರಕೂನಪ್ಪ.” ಪಕ್ಕಕ್ಕೆ ಕೂತ. “ಸೀಸ. ರೈಲ್ವೆ ವರ್ಕಶಾಪಿನ ಮಂದಿ ಚೆಲ್ಲಿದ್ದು ತಂದು ಕರಗಿಸಿ ಹಾಕೇನಿ. ವರ್ಷಾ ಒಂದೀಟು. ಕಬ್ಬಿಣ ಹಾಕಿದ್ರ ಇಷ್ಟ ಭಾರಕ್ಕ ಇನ್ನೂ ದಪ್ಪ ಕಾಣ್ತಿತ್ತು, ಸಂಶೆ ಬರತೈತಿ. ಸೀಸ ಸಣ್ಣಾಗಿ ಕುಂದರತೈತಿ. ತ್ವಾಳು ಏಳೂದಿಲ್ಲ, ನೀರು ಹೊರಗ ಹೋಗೂದಿಲ್ಲ, ಅಂಡಗಿ ತೆಳ್ಳಗ ಆಕ್ಕೈತಿ.”

“ಹಂಡೆ ಒಡದರ?”

“ಇಷ್ಟು ವರ್ಷ ಒಡದೈತೇನು?” ಎಂದು ಅವನು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮ್ಯಾಟ್ರಿಕ್ಕಿನಲ್ಲೂ ಹೀಗೆಯೇ ಆಗುತ್ತಿತ್ತು.

ಆ ಮಾಘ ಮಾಸದಲ್ಲಿ ನಾನು ಧಾರವಾಡಕ್ಕೆ ಹೋದಾಗ ಒಂದು ವ್ಯಾಖ್ಯಾನ ಕೇಳಿದೆ. ವಿದ್ಯೆಯ ಹಸಿವಿನಿಂದ ಹೋದೆನೆಂದು ಬರೆಯುವ ಮನಸ್ಸಿದೆ, ಆದರೆ ಅಲ್ಲಿ ಅವಲಕ್ಕಿ ಚಹಾ ಕೊಡುತ್ತಾರೆಂದು ಗೊತ್ತಿತ್ತು. ವ್ಯಾಖ್ಯಾನಕಾರರು ತ್ರ್ಯಂಬಕರಾವ್ ಎಂಬ ಕಾಲೇಜಿನ ಮಾಸ್ತರರು. ವಿಷಯ ನಕ್ಷತ್ರ. ಆಕಾಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ವ್ಯಾಧ ನಕ್ಷತ್ರಕ್ಕೆ ಒಬ್ಬ ಜೋಡಿದಾರನಿದ್ದಾನೆ, ಬರಿಗಣ್ಣಿಗೆ ಕಾಣುವುದಿಲ್ಲ, ಗಾತ್ರದಲ್ಲಿ ನಮ್ಮ ಭೂಮಿಯ ಲೆಕ್ಕಕ್ಕೆ ಬರುತ್ತಾನೆ, ಭಾರದಲ್ಲಿ ಸೂರ್ಯನ ಲೆಕ್ಕಕ್ಕೆ, ಎಂದರು. ಅವನ ಮೈಯ ಒಂದು ಕಡ್ಡಿಪೆಟ್ಟಿಗೆಯಷ್ಟು ಮಣ್ಣು ತಂದರೆ ನೂರಾರು ಹತ್ತಿ ಅಂಡಿಗೆಯಷ್ಟು ತೂಗುತ್ತದೆ ಎಂದರು. ಹುಬ್ಬಳ್ಳಿ–ಧಾರವಾಡದ ಜನಕ್ಕೆ ತಿಳಿಯಲೆಂದು ಆ ಉಪಮೆ. ಸಭೆ ನಕ್ಕಿತು. ನಾನು ಅವಲಕ್ಕಿ ತಿನ್ನುವುದನ್ನು ಬಿಟ್ಟು ಹಣೆ ಮುಟ್ಟಿಕೊಂಡೆ.

ಮರುದಿನ ಸಂಜೆ, ಎಂಜಿನ್ನು ನಿಂತ ಮೇಲೆ, ಅಂಗಳದಲ್ಲಿ ಬೀಡಿ ಹಚ್ಚಿದ್ದ ಹುಲಗಪ್ಪನಿಗೆ ವ್ಯಾಧನನ್ನು ತೋರಿಸಿ ಎಲ್ಲವನ್ನೂ ಹೇಳಿದೆ. ಕೇಳಿದ ವಿದ್ಯೆ ಹಳಸುವ ಮೊದಲೇ ಖರ್ಚು ಮಾಡಬೇಕೆಂಬ ಚಟ ನನಗೆ. ಅವನ ಮೊದಲ ಪ್ರಶ್ನೆ ನಾನು ಎಣಿಸಿದ್ದೇ.

“ಅದರದೊಂದು ಚಿಟಿಕಿ ಸಿಕ್ಕರ ಗಂಟು ಎಷ್ಟಾಗಬಹುದ್ರಿ?”

“ಚಿಟಿಕಿ ಯಾಕ, ಸಾಸಿವಿಯಷ್ಟು ಸಾಕು.”

ನಕ್ಕ. ಬೀಡಿ ಎಳೆದ. ಎರಡನೆಯ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ.

“ಅದನ್ನ ಒತ್ತಿದಾಂವ ಯಾರು?”

“ಯಾರೂ ಇಲ್ಲ. ತನ್ನ ಭಾರಕ್ಕ ತಾನ ಒತ್ತಿಕೊಂಡದ. ಒಳಗಿನ ಉರಿ ಇರೂತನಕಾ ಉಬ್ಬಿಕೊಂಡಿತ್ತು, ಉರಿ ಆರಿತು, ಕುಸೀತು.”

“ಮತ್ತ ಸಾಕು ಅಂತ ಅಂಗೈ ತೋರಸಾವ್ರು?”

ಆಗ ನಾನು ವ್ಯಾಖ್ಯಾನದ ಕೊನೆಯ ಮಾತನ್ನೂ ಹೇಳಿಬಿಟ್ಟೆ. ವ್ಯಾಧನ ಜೋಡಿದಾರನೇನೋ ಒಂದು ಹಂತಕ್ಕೆ ನಿಂತ. ಇದಕ್ಕಿಂತ ಬಹಳ ಭಾರದ ನಕ್ಷತ್ರ ಹೀಗೆ ಕುಸಿಯಲು ಹತ್ತಿದರೆ ಅದು ಎಲ್ಲಿಯೂ ನಿಲ್ಲಲಿಕ್ಕಿಲ್ಲ ಎಂದು ಈಚೆಗೆ ಲೆಕ್ಕ ಹಾಕಿದವರಿದ್ದಾರಂತೆ. ದೊಡ್ಡ ಪಂಡಿತರು ಅದನ್ನು ಒಪ್ಪುವುದಿಲ್ಲವಂತೆ, ಸೃಷ್ಟಿ ಹಾಗೆ ಆಗಗೊಡುವುದಿಲ್ಲ ಎನ್ನುತ್ತಾರಂತೆ.

“ಯಾರು ಆಗಗೊಡೂದಿಲ್ಲ?”

“ಗೊತ್ತಿಲ್ಲ.”

“ಅಂದ್ರ ಕಂಬ ಏರಾಕತ್ತೈತಿ, ಚಾವಿ ಹತ್ತರ ಯಾರೂ ಇಲ್ಲ,” ಎಂದ ಹುಲಗಪ್ಪ. ಬೀಡಿ ಆರಿಹೋಗಿತ್ತು. ಅದನ್ನು ಮತ್ತೆ ಹಚ್ಚಲಿಲ್ಲ. ಅವನ ಪಕ್ಕದಲ್ಲಿ ಕೂತಿದ್ದ ಶೇವಂತೆವ್ವ ತಲೆ ಎತ್ತಿ ವ್ಯಾಧನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

ಅವನು ಹೆದರಿ ಗಂಟು ಬಿಚ್ಚುತ್ತಾನೆಂದು ನಾನು ತಿಳಿದೆ. ಮನುಷ್ಯ ಹಾಗಲ್ಲ. ಫಾಲ್ಗುಣದಲ್ಲಿ ಹಂಗಾಮು ಬಿರುಸಾಯಿತು. ಅಂಗಳದ ತುಂಬ ಚಕ್ಕಡಿ, ಗಾಳಿಯ ತುಂಬ ಅರಳೆ. ಸಾವುಕಾರರು ದಿನಾಲೂ ಬಂದು ಬೆರಳಿಟ್ಟು ನೋಡತೊಡಗಿದರು. ಒಂದು ದಿನ ಅವರು ಮುಂಬಯಿ ಮಿಸ್ತ್ರಿಯ ಹೆಸರನ್ನೂ ಹೇಳಿದರು, ಏಕನಾಥ. ಹೆಸರಿಲ್ಲದ ಮಿಸ್ತ್ರಿಗೆ ಹುಲಗಪ್ಪ ಬೆವರುತ್ತಿದ್ದ, ಹೆಸರಿನ ಮಿಸ್ತ್ರಿಗೆ ಗಂಟು ದಪ್ಪಗಾಯಿತು. ಅವನೇ ಬಿಚ್ಚಿ, ಅವನೇ ಕಟ್ಟಿದ. ಬೇಲದ ಹಣ್ಣು ತೆಂಗಿನಕಾಯಿಯಾಯಿತು.

ತೋಳು ಈಗ ಏಳುವುದನ್ನೇ ಬಿಟ್ಟಿತ್ತು. ಮೊದಲು ಆಗಾಗ ಬುಸ್ಸೆಂದು ನೀರು ಹಾರಿ ನಮ್ಮೆಲ್ಲರ ಮೈ ತೋಯುತ್ತಿತ್ತು, ಬೈಯುತ್ತಿದ್ದೆವು. ಈಗ ಆ ಶಬ್ದ ಇಲ್ಲ. ಎಲ್ಲ ಒಣಗಿತ್ತು.

ಶೇವಂತೆವ್ವ ಒಂದು ದಿನ ನೀರು ಕುಡಿಯಲು ನನ್ನ ಮೇಜಿನ ಹತ್ತಿರ ಬಂದಳು.

“ಕಾರಕೂನಪ್ಪ, ನಿಮಗ ಏನರ ಕೇಳಸತೈತೇನು ಇಲ್ಲಿಗೆ?”

“ಏನು?”

“ಹಂಡೇದಾಗ. ಯಾರೋ ಹಲ್ಲು ಕಡದಂಗ.”

“ಎಂಜಿನ್ನಿನ ಗದ್ದಲಾ, ಅವ್ವಾ.”

“ಎಂಜಿನ್ನು ಆ ಕಡೆ ಐತಿ. ಅಂವಾ ಅದರ ಮಗ್ಗಲಕ ನಿಂದರತಾನ, ಅವಗ ಕೇಳೂದಿಲ್ಲ. ನಾ ಹಂಡೇದ ನೆತ್ತಿ ಮ್ಯಾಲೆ ನಿಂದರತೇನಿ.”

ಅದಾದ ಮೇಲೆ ನನಗೂ ಕೇಳಿಸತೊಡಗಿತು. ಕೇಳಿಸಿತೋ, ಕೇಳಿಸಿದೆ ಎಂದುಕೊಂಡೆನೋ. ರಾತ್ರಿ ಖೋಲಿಯಲ್ಲಿ ನಾನೇ ಹಲ್ಲು ಕಡಿಯುತ್ತೇನೆಂದು ಜೊತೆಗಾರರು ದೂರಿದರು.

ಯುಗಾದಿಯ ಮುಂದಿನ ವಾರ ಒಂದು ಪಟ್ಟಿ ಹರಿಯಿತು. ಕಂಬ ಇಳಿಸಿದ ಕ್ಷಣ, ಮಿತಿಮೀರಿ ಒತ್ತಿಸಿಕೊಂಡಿದ್ದ ಅರಳೆ ಒಳಗಿನಿಂದ ಒದೆಯಿತು. ಅಂಡಿಗೆಗೆ ಬಿಗಿದ ಕಬ್ಬಿಣದ ಪಟ್ಟಿ ಕಡಿದು, ಹಾವಿನಂತೆ ಸುತ್ತಿ ಹಾರಿ, ಶೇವಂತೆವ್ವನ ಸೆರಗು ಕೊಯ್ದು, ನನ್ನ ತಲೆಯ ಮೇಲಿನ ತೊಲೆಗೆ ನೆಟ್ಟು ನಿಂತಿತು. ನಡುಗುತ್ತಿತ್ತು. ಅದು ನಡುಗುವುದು ನಿಂತ ಮೇಲೂ ನಾನು ಮೇಜಿನ ಕೆಳಗೇ ಇದ್ದೆ.

ಶೇವಂತೆವ್ವ ಕೊಯ್ದ ಸೆರಗನ್ನು ನೋಡಿದಳು. ದಬ್ಬಣವನ್ನು ಅಂಡಿಗೆಯ ಮೇಲಿಟ್ಟಳು. ಹೋಗಿ ಅಂಗಳದ ಚಕ್ಕಡಿಯ ನೆರಳಿಗೆ ಕೂತಳು. ಉಳಿದ ಹೆಣ್ಣುಮಕ್ಕಳೂ ಹಿಂದೆಯೇ ಹೋಗಿ ಕೂತರು. ಕೆಲಸ ನಿಂತಿತು.

ಹುಲಗಪ್ಪ ಹೊರಗೆ ಬಂದ. “ಏಳ. ಸಾವುಕಾರ್ರು ಬರೂ ಹೊತ್ತಾತು.”

“ಬರಲಿ.”

“ಒಂದ ಪಟ್ಟಿ ಹರೀತು. ಹಳೇ ಪಟ್ಟಿ.”

“ಹೌದೇನು? ಹಂಗಾರ ನೀ ನಿಂದ್ರು ನಡಿ. ನೀ ದಬ್ಬಣ ಹಿಡಿ, ನಾ ಚಾವಿ ಹಿಡೀತೇನಿ. ಇಷ್ಟು ವರ್ಷ ನೋಡೇನಿ, ತಿರುವಾಕ ಬರತೈತಿ ನನಗ.”

ಆಳುಗಳೆಲ್ಲ ಸುತ್ತ ನೆರೆದಿದ್ದರು. ಯಾರೋ ಕಿಸಕ್ಕೆಂದು ನಕ್ಕರು. “ಮಿಸ್ತ್ರಿಗೆ ಸೀರಿ ತರ್ಲೇನು?” ಎಂದಿತು ಹಿಂದಿನಿಂದ ಒಂದು ದನಿ. ಆ ನಗುವಿಲ್ಲದಿದ್ದರೆ ಹುಲಗಪ್ಪ ಒಪ್ಪುತ್ತಿರಲಿಲ್ಲ. “ನಿಂದರತೇನಿ,” ಎಂದ. “ನಾ ಒತ್ತಿದ ಪ್ರೆಸ್ಸು ನನಗೇನು ಮಾಡತೈತಿ?”

ಪೆಟ್ಟಿಗೆ ತುಂಬಿದರು, ತುಳಿದರು, ಮೇಲೆ ಬಂದರು. ಹುಲಗಪ್ಪ ಎದುರಿಗೆ ನಿಂತ, ಕೈಯಲ್ಲಿ ದಬ್ಬಣ. ಅಷ್ಟು ವರ್ಷಗಳಲ್ಲಿ ಆ ಜಾಗದಲ್ಲಿ ಅವನು ನಿಂತದ್ದು ಅದೇ ಮೊದಲು. ಶೇವಂತೆವ್ವ ಚಾವಿ ತಿರುವಿದಳು. ಕಂಬ ಎದ್ದಿತು.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೊದಲು ಮೀಸೆಯಲ್ಲಿ ನಗುವಿತ್ತು. ಅರಳೆ ಅರ್ಧಕ್ಕೆ ಇಳಿಯಿತು. ಅವನು ಕಾಲ ಕೆಳಗೆ ನೋಡಿದ, ಏನೋ ಬೀಳಿಸಿಕೊಂಡವನ ಹಾಗೆ. ಮತ್ತೆ ನೋಡಿದ. ನಗು ಹೋಗಿತ್ತು. ಅರಳೆ ಗುರುತಿಗೆ ಬಂದ ಕೂಡಲೇ ಬಲಗೈ ಎತ್ತಿ ಅಂಗೈ ತೋರಿಸಿದ.

ಶೇವಂತೆವ್ವ ಅಂಗೈಯನ್ನು ನೋಡಿದಳು. ಚಾವಿ ತಿರುವಲಿಲ್ಲ.

ಕಂಬ ಏರುತ್ತಿತ್ತು. ಹುಲಗಪ್ಪ ಎರಡೂ ಕೈ ಎತ್ತಿದ. ಬಾಯಿ ತೆರೆದು ಏನೋ ಕೂಗಿದ, ಕೇಳಿಸಲಿಲ್ಲ. ಓಡಬಹುದಿತ್ತು. ಓಡಲಿಲ್ಲ, ಆಳುಗಳು ನೋಡುತ್ತಿದ್ದರು. ಆಗ ನನಗೂ ಸಂಶಯವಿಲ್ಲದೆ ಕೇಳಿಸಿತು, ಕಲ್ಲಿನ ಮೇಲೆ ಕಲ್ಲು ತೇಯ್ದಂತೆ, ನೆಲದೊಳಗೆ, ಉದ್ದಕ್ಕೆ. ದೃಷ್ಟಿಯ ಗಂಟು ತನ್ನ ಜಾಗದಲ್ಲಿ ಗಟ್ಟಿಯಾಗಿ ತೂಗಿಕೊಂಡಿತ್ತು.

ಶೇವಂತೆವ್ವ ಚಾವಿ ತಿರುವಿದಳು. ಎಲ್ಲ ನಿಂತಿತು.

ಅವಳು ಹತ್ತಿರ ಬಂದು ಅವನ ಕೈಯಿಂದ ದಬ್ಬಣ ತೆಗೆದುಕೊಂಡಳು. “ನಾ ಅಂಗೈ ತೋರಿಸಿದಾಗ ನೀ ಎಷ್ಟು ತಡಮಾಡ್ತಿದ್ದೆಲ್ಲ, ಅಷ್ಟ ಮಾಡೇನಿ. ಒಂದೀಟೂ ಹೆಚ್ಚಿಲ್ಲ.”

ಹುಲಗಪ್ಪ ಕೊಳವೆಯ ಹತ್ತಿರ ಹೋಗಿ, ಗಂಟು ಬಿಚ್ಚಿ, ಎರಡೂ ಕೈಯಲ್ಲಿ ಹೊಟ್ಟೆಗೆ ಆನಿಸಿಕೊಂಡು ಹೊರಗೆ ತಂದು, ಎಲ್ಲರ ಎದುರಿಗೆ ಅಂಗಳದಲ್ಲಿ ಒಗೆದ. ಧೂಳು ಹಾರಿ ಗಂಟು ಅರ್ಧ ನೆಲಕ್ಕಿಳಿಯಿತು. ಲಿಂಬೆಹಣ್ಣು ಮಾತ್ರ ಹೊರಗೆ ಉರುಳಿತು. ಆಳುಗಳು ನಾಲ್ಕು ಹೆಜ್ಜೆ ಹಿಂದೆ ಸರಿದರು. ಹಂಗಾಮಿನ ನಡುವೆ ದೃಷ್ಟಿಯ ಗಂಟು ಬಿಚ್ಚಿ ಒಗೆದದ್ದನ್ನು ಯಾರೂ ಕಂಡಿರಲಿಲ್ಲ.

ಮುಂದಿನದು ಬೇಗ ಆಯಿತು. ಅಂಡಿಗೆಗಳು ಎರಡು ಬೆರಳು ದಪ್ಪಗಾದವು, ಸಾವುಕಾರರ ಮುಖವೂ ಅಷ್ಟೇ. ಎಂಜಿನ್ನಿನ ಪಟ್ಟಾ ಕಡಿದರೂ, ಆಳಿಗೆ ಜ್ವರ ಬಂದರೂ, ಗಂಟು ಬಿಚ್ಚಿದ್ದರಿಂದ ಎಂದರು ಆಳುಗಳು. “ಹಂಡಿ ನರಳತೈತ್ರಿ, ಒಮ್ಮೆ ನಿಂತು ಕೇಳ್ರಿ,” ಎಂದು ಹುಲಗಪ್ಪ ಸಾವುಕಾರರಿಗೆ ಹೇಳಿದ. ನಾನೂ ಹೂಂಗುಟ್ಟಿದೆ. ನನ್ನ ಹೂಂಗುಟ್ಟುವಿಕೆಯಿಂದ ಈವರೆಗೆ ಯಾರಿಗೂ ಉಪಯೋಗವಾದದ್ದಿಲ್ಲ. ಸಾವುಕಾರರು ಬೂಟು ನೋಡಿಕೊಳ್ಳುತ್ತ, “ವಯಸ್ಸಾತು ಹುಲಗಪ್ಪಾ, ಗೇಟಿನ್ಯಾಗ ಕೂಡು,” ಎಂದರು.

ವೈಶಾಖದಲ್ಲಿ ಏಕನಾಥ ಮಿಸ್ತ್ರಿ ಬಂದ. ತೆಳ್ಳನೆಯ ಮನುಷ್ಯ, ಕರಿ ಟೊಪ್ಪಿಗೆ, ಮೆಲುಮಾತು. ಹುಲಗಪ್ಪ ಗೇಟಿನಿಂದ ಒಳಗೆ ಬಂದು ಅವನಿಗೂ ಹೇಳಿದ. ಏಕನಾಥ ಗೌರವದಿಂದ ಕೇಳಿಕೊಂಡು, “ಜುನಾ ಮಾಣೂಸ,” ಎಂದು ನನ್ನ ಕಡೆ ತಿರುಗಿ ನಕ್ಕ. ಹಳೆಯ ಕಾಲದವನು ಎಂದರ್ಥ. ಆಮೇಲೆ ಸಾವುಕಾರರ ಎದುರಿಗೆ ಪೂಜೆ ಮಾಡಿ ತೋಳಿಗೆ ಹೊಸ ಗಂಟು ಕಟ್ಟಿದ. ಆಳುಗಳಿಗೆ ಜೀವ ಬಂದಂತಾಯಿತು.

ಹೊಸ ಗಂಟು ಲಿಂಬೆಹಣ್ಣಿನಷ್ಟೇ ಇದೆ.

“ಬರೇ ಶಾಸ್ತ್ರಕ್ಕ ಕಟ್ಟಿರಬೇಕು,” ಎಂದೆ ನಾನು, ಗೇಟಿನಲ್ಲಿ.

ಹುಲಗಪ್ಪ ನನ್ನ ಹಣೆಯನ್ನು ನೋಡಿದ. ಆ ಗುರುತು ಇನ್ನೂ ಇದೆ. “ಕಟ್ಟಿರಬಹುದು. ಅಂಡಗಿ ಎಷ್ಟಾಗ್ಯಾವು?”

“ನಿನ್ನವಕ್ಕಿಂತಾ ತೆಳ್ಳಗ.”

“ತ್ವಾಳು ಏಳತೈತೇನು? ನೀರು ಹಾರತೈತೇನು?”

“ಇಲ್ಲ.”

“ಅಂದ್ರ ಗಂಟು ಸಣ್ಣದು, ಭಾರ ನನ್ನದಕ್ಕಿಂತಾ ಹೆಚ್ಚೈತಿ,” ಎಂದು ಅವನು ಎದ್ದ. ರುಮಾಲು ಬಿಚ್ಚಿ, ಮಡಿಚಿ, ಗೇಟಿನ ಸ್ಟೂಲಿನ ಮೇಲಿಟ್ಟ. ಒಳಗೆ ಹೋಗಿ, ಪ್ರೆಸ್ಸಿನ ಎದುರಿಗೆ ಹೊಲಿಯಲು ನಿಂತಿದ್ದ ಶೇವಂತೆವ್ವನ ಮುಂದೆ ಕೈಚಾಚಿದ.

“ತಾ ಆ ದಬ್ಬಣಾ.”

“ಯಾಕ, ಗೇಟು ಬ್ಯಾಸರಾತೇನು?”

“ನೀ ಹೋಗಿ ಕೂಡು ಅಲ್ಲೆ. ಸ್ಟೂಲ ಐತಿ.”

“ಇಬ್ಬರೂ ಹೋಗೂಣು, ನಡಿ.”

“ಕೆಲಸಾ ಬಿಟ್ಟು ಹೊಟ್ಟಿಗೆ ಏನು ಹಾಕ್ಕೋತಿ? ತಾ ಇಲ್ಲೆ.”

ಅವಳು ಬಹಳ ಹೊತ್ತು ಕೊಡಲಿಲ್ಲ. ಆಮೇಲೆ ಕೊಟ್ಟಳು. ಈ ಸಲ ಆಳುಗಳಲ್ಲಿ ಯಾರೂ ನಗಲಿಲ್ಲ. ಸೀರೆಯ ಮಾತು ಆಡಿದವನು ತುಳಿಯುವ ಪೆಟ್ಟಿಗೆಯೊಳಗೆ ತಲೆ ತಗ್ಗಿಸಿದ್ದ.

ಇದು ಆಗಿ ಕೆಲವು ದಿನಗಳಾದವು. ಶೇವಂತೆವ್ವ ಗೇಟಿನಲ್ಲಿ ಕೂಡುತ್ತಾಳೆ, ಮುಖ ರಸ್ತೆಯ ಕಡೆಗಲ್ಲ, ಪ್ರೆಸ್ಸಿನ ಕಡೆಗೆ. ಊರಿಗೆಲ್ಲ ದಬ್ಬಣ ಕೊಟ್ಟು ಮೀಸೆ ತಿರುವುತ್ತಿದ್ದವನು ಅದೇ ದಬ್ಬಣದಿಂದ ಗೋಣಿ ಹೊಲಿಯುತ್ತಾನೆ. ಹೊಲಿಗೆ ಛಲೋ ಇಲ್ಲ, ಸೊಟ್ಟ. ವ್ಯಾಧ ಈಗ ಕತ್ತಲಾಗುತ್ತಲೇ ಮುಳುಗುತ್ತಾನೆ, ಅವನ ವಿಷಯ ನಾವು ಮಾತಾಡುವುದಿಲ್ಲ. ನಿನ್ನೆ ಹುಲಗಪ್ಪ ನನ್ನ ಮೇಜನ್ನು ತಾನೇ ಎತ್ತಿ ಬಾಗಿಲ ಹೊರಗಿಟ್ಟ. “ಇಲ್ಲಿಂದ ನನ್ನ ಅಂಗೈ ಕಾಣತೈತಿ ನಿಮಗ. ಎರಡೂ ಕೈ ಎತ್ತಿದ್ರ ಬರಿಯೂದು ಬಿಟ್ಟು ಅಕಿನ್ನ ಕರಕೊಂಡು ರಸ್ತೇದ ಆಚೆ ಹೋಗ್ರಿ,” ಎಂದ.

ಇವತ್ತು ಬಿಸಿಲು ಜೋರಾಗಿದೆ. ಎಂಜಿನ್ನು ಬೆಳಗಿನಿಂದ ನಿಂತಿಲ್ಲ. ಈಗ ತುಂಬಿದ ಪೆಟ್ಟಿಗೆಯಿಂದ ಆಳುಗಳು ಮೇಲೆ ಬಂದರು. ಏಕನಾಥ ಚಾವಿ ತಿರುವಿ ಕರಿ ಟೊಪ್ಪಿಗೆ ಸರಿಮಾಡಿಕೊಂಡ. ಕಂಬ ಏರುತ್ತಿದೆ. ಅರಳೆ ಗುರುತಿಗೆ ಬಂತು. ಹುಲಗಪ್ಪ ಬಲಗೈ ಎತ್ತಿ ಅಂಗೈ ತೋರಿಸಿದ್ದಾನೆ.

ಏಕನಾಥ ಇನ್ನೂ ಆ ಕಡೆ ನೋಡಿಲ್ಲ.